ಓದುಗರ ಪ್ರಶ್ನೆ: ಶರಾವತಿ ಕಣಿವೆಗೆ ಇನ್ನೊಂದು ಯೋಜನೆಯ ಭಾರ

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಹೊಸ ಅಣೆಕಟ್ಟು ಬೇಕಿಲ್ಲ, ಸುರಂಗಗಳು ನೆಲದೊಳಗೇ ಹೋಗುತ್ತವೆ, ಯಾವ ಊರೂ ಮುಳುಗುವುದಿಲ್ಲ ಎನ್ನುತ್ತಾರೆ. ಹಾಗಿದ್ದರೂ ಇಷ್ಟೊಂದು ವಿರೋಧ ಏಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೊಸ ಅಣೆಕಟ್ಟು ಇಲ್ಲವೆಂಬುದು ನಿಜ. ಈಗಾಗಲೇ ಇರುವ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು, ಬೇಡಿಕೆ ಕಡಿಮೆ ಇರುವಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಹರಿಸಿ 2,000 ಮೆಗಾವಾಟ್ ಪಡೆಯುವುದು ಯೋಜನೆಯ ಉದ್ದೇಶ. ನೀರೆತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚಾದ್ದರಿಂದ, ಇದು ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆಯೇ ಹೊರತು ಉತ್ಪಾದನೆಯನ್ನು ಹೆಚ್ಚಿಸುವ ವ್ಯವಸ್ಥೆಯಲ್ಲ. ಸೌರ ಮತ್ತು ಪವನ ವಿದ್ಯುತ್ತು ಬೆಳೆಯುತ್ತಿರುವ ರಾಜ್ಯಕ್ಕೆ ಇಂಥ ಸಂಗ್ರಹ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಆರಿಸಿಕೊಂಡಿರುವ ಜಾಗದ ಬಗ್ಗೆ.

ಇದು 2019ರಲ್ಲಿ ಸಿಂಗಳೀಕ (ಸಿಂಹಬಾಲದ ಕೋತಿ) ಅಭಯಾರಣ್ಯವೆಂದು ಘೋಷಣೆಯಾದ ಕಣಿವೆ. ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಸಿಂಗಳೀಕ ಇಲ್ಲ. ನಿತ್ಯಹರಿದ್ವರ್ಣ ಕಾಡಿನ ಎತ್ತರದ ಮರಗಳ ಮೇಲೆಯೇ ಹೆಚ್ಚುಕಡಿಮೆ ಇಡೀ ಬದುಕನ್ನು ಕಳೆಯುವ ಈ ಪ್ರಾಣಿ, ಉಪ್ಪಾಗೆ, ಹಲಸಿನಂಥ ಹಣ್ಣುಗಳನ್ನು ಹುಡುಕಿಕೊಂಡು ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಎರಡು ಹೆರಿಗೆಗಳ ನಡುವೆ ವರ್ಷಗಳ ಅಂತರವಿರುತ್ತದೆ. ಆದ್ದರಿಂದ ಒಮ್ಮೆ ಕುಗ್ಗಿದ ಗುಂಪು ಬೇಗ ಚೇತರಿಸಿಕೊಳ್ಳುವುದಿಲ್ಲ. ಸುರಂಗ ನೆಲದೊಳಗಿದ್ದರೂ ಅದರ ಬಾಯಿಗೆ ಯಂತ್ರಗಳು ತಲುಪಲು ರಸ್ತೆ ಬೇಕು, ಅಗೆದ ಕಲ್ಲುಮಣ್ಣು ಸುರಿಯಲು ಜಾಗ ಬೇಕು, ವಿದ್ಯುತ್ ಮಾರ್ಗಕ್ಕೆ ಮರ ಕಡಿದ ಪಟ್ಟಿ ಬೇಕು. ಕಡಿಯುವ ಮರಗಳ ಲೆಕ್ಕ ಚಿಕ್ಕದಾಗಿ ಕಾಣಬಹುದು, ಆದರೆ ಮೇಲಿನ ಹಸಿರು ಚಪ್ಪರ ಕಡಿದುಹೋದ ಕಡೆ ಸಿಂಗಳೀಕದ ದಾರಿಯೂ ಮುಗಿಯುತ್ತದೆ. ಹೊನ್ನಾವರ–ಸಾಗರ ಹೆದ್ದಾರಿಯಲ್ಲಿ ಅವು ನೆಲಕ್ಕಿಳಿದು ವಾಹನದವರು ಎಸೆಯುವ ತಿಂಡಿಗೆ ಕೈಚಾಚುವುದನ್ನು ಆ ದಾರಿಯಲ್ಲಿ ಓಡಾಡುವವರು ನೋಡಿರುತ್ತಾರೆ. ಪರಿಹಾರವೆಂದು ಬೇರೆಡೆ ನೆಡುವ ಸಸಿಗಳಿಂದ ಈ ಕಡಿತವನ್ನು ತುಂಬಲಾಗದು. ಅಪಾರ ಮಳೆ ಸುರಿಯುವ ಕಡಿದಾದ ಇಳಿಜಾರಿನಲ್ಲಿ ಗುಡ್ಡ ಕೊರೆದರೆ ಆಗುವ ಭೂಕುಸಿತವಂತೂ ಮಲೆನಾಡಿಗರಿಗೆ ವಿವರಿಸಬೇಕಾದ ವಿಷಯವಲ್ಲ.

ಪ್ರಶ್ನೆ: ನಮ್ಮ ಅಜ್ಜನವರು ಲಿಂಗನಮಕ್ಕಿ ಮುಳುಗಡೆಯಿಂದ ಎದ್ದು ಬಂದವರು. ಸಾಗುವಳಿ ನಮ್ಮದೇ ಆದರೂ ಪಹಣಿ ನಮ್ಮ ಹೆಸರಿಗಿಲ್ಲ. ಕಾಡು ಉಳಿಸುವ ಕಾನೂನೇ ನಮಗೆ ಅಡ್ಡಿಯಾಗಿದೆಯೆ?
– ಓದುಗರೊಬ್ಬರು, ಶಿವಮೊಗ್ಗ ತಾಲ್ಲೂಕು

ಉತ್ತರ: ಕಾನೂನಿಗಿಂತ ಮೊದಲು ಅಡ್ಡಿಯಾದದ್ದು ಅಂದಿನ ಪುನರ್ವಸತಿಯ ರೀತಿ. ಶರಾವತಿಗೆ ಅಡ್ಡಲಾಗಿ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರು 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಆವರಿಸಿತು. ತೋಟ, ಗದ್ದೆ, ದೇವಸ್ಥಾನ ಬಿಟ್ಟು ಹೊರಟವರನ್ನು ಲಾರಿಗಳಲ್ಲಿ ತಂದು ಬೇರೆ ಕಾಡಿನ ನಡುವೆ ಇಳಿಸಿದ್ದನ್ನು ಆ ತಲೆಮಾರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಹೀಗೆ ಕಾಡು ಎರಡು ಸಲ ನಾಶವಾಯಿತು: ಒಮ್ಮೆ ನೀರಿನಡಿ, ಇನ್ನೊಮ್ಮೆ ನಿಮ್ಮಂಥ ಕುಟುಂಬಗಳು ಬದುಕಲೆಂದು ಸವರಿದ ಕಡೆ. ಆ ಎರಡನೆಯ ನಾಶವನ್ನು ಯೋಜನೆಯ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಕೊಟ್ಟ ಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡುಗಡೆ ಮಾಡಲು ಕೇಂದ್ರದ ಒಪ್ಪಿಗೆ ಬೇಕಾಯಿತು; ಅದನ್ನು ಪಡೆಯದೆ ರಾಜ್ಯ ಸರ್ಕಾರ ಹೊರಡಿಸಿದ್ದ, ಭೂಮಿಯನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ (ಡಿನೋಟಿಫಿಕೇಷನ್) ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಪಹಣಿ ಇಲ್ಲದವರಿಗೆ ಬೆಳೆಸಾಲವಿಲ್ಲ, ಅಣ್ಣತಮ್ಮಂದಿರ ನಡುವೆ ಕಾನೂನುಬದ್ಧ ಪಾಲಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರ ಕಷ್ಟ ಇನ್ನೊಂದು ಬಗೆಯದು. ಲಾಂಚನ್ನೇ ನಂಬಿದ್ದ ಅವರಿಗೆ ಸೇತುವೆ ದೊರೆತದ್ದು 2025ರ ಜುಲೈನಲ್ಲಿ.

ಜಂಟಿ ಸರ್ವೆ ನಡೆಸಿ, ಕೇಂದ್ರದ ಒಪ್ಪಿಗೆ ಪಡೆದು ಹಕ್ಕುಪತ್ರ ಕೊಡುವುದು ಸರ್ಕಾರದ ಹಳೆಯ ಬಾಕಿ, ಹೊಸ ಯೋಜನೆಗೆ ಮೊದಲೇ ತೀರಬೇಕಾದ್ದು. ಅಜ್ಜನವರಿಗೆ ಕೊಟ್ಟ ಪುನರ್ವಸತಿ ಆದೇಶ, ಮುಳುಗಿದ ಜಮೀನಿನ ದಾಖಲೆ, ಕಂದಾಯ ಕಟ್ಟಿದ ರಸೀದಿ ಮನೆಯಲ್ಲಿದ್ದರೆ ಜೋಪಾನ ಮಾಡಿ, ಸರ್ವೆಗೆ ಬಂದವರಿಗೆ ಪ್ರತಿಯನ್ನಷ್ಟೇ ಕೊಟ್ಟು ಸ್ವೀಕೃತಿ ಪಡೆಯಿರಿ.