ಮಗು ಮಲಗಿದರೂ ಬಾಣಂತಿಗೆ ನಿದ್ದೆಯಿಲ್ಲ

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ಏಳು ವಾರವಾಯಿತು. ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಾಳೆ, ಆರೈಕೆಗೆ ಏನೂ ಕಡಿಮೆ ಮಾಡಿಲ್ಲ. ಆದರೂ ಮಗು ಮಲಗಿದಾಗಲೂ ಅವಳು ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ, ಅಳುತ್ತಾಳೆ, ‘ಇದನ್ನು ಸಾಕಲು ನನ್ನಿಂದಾಗದು’ ಎನ್ನುತ್ತಾಳೆ. ಮನೋವೈದ್ಯರ ಬಳಿ ಹೋದರೆ ಎದೆಹಾಲು ಬಿಡಿಸುತ್ತಾರೆ ಎಂದು ಬೀಗರು ಹೆದರಿಸುತ್ತಾರೆ. ತಾನಾಗಿಯೇ ಸರಿಹೋಗುವುದೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಹಸುಗೂಸಿರುವ ಮನೆಯಲ್ಲಿ ತಾಯಿಗೆ ನಿದ್ದೆ ಕೆಡುವುದು ಸಹಜ. ಆದರೆ ಮಗು ಮಲಗಿ, ನೋಡಿಕೊಳ್ಳಲು ನೀವು ಪಕ್ಕದಲ್ಲಿದ್ದು, ಮೈ ದಣಿದಿದ್ದರೂ ಅವಳಿಗೆ ನಿದ್ದೆ ಹತ್ತದಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಹೆರಿಗೆಯಾದ ಮೂರು-ನಾಲ್ಕನೆಯ ದಿನದಿಂದ ಬಹಳಷ್ಟು ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ ಮತ್ತು ಎರಡು ವಾರದೊಳಗೆ ಅದು ಇಳಿಯುತ್ತದೆ; ಏಳನೆಯ ವಾರದ ಅಳುವನ್ನು ಆ ಲೆಕ್ಕಕ್ಕೆ ಸೇರಿಸಲಾಗದು. ಇದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ 100 ತಾಯಂದಿರಲ್ಲಿ ಸುಮಾರು 20 ಮಂದಿ ಮಾನಸಿಕ ತೊಂದರೆಗೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ನಿಮ್ಮ ಆರೈಕೆಯಲ್ಲಿ ಕೊರತೆಯಾಯಿತೆಂದು ದಯವಿಟ್ಟು ಭಾವಿಸಬೇಡಿ. ಹಾಗೆಯೇ, ಕಾದು ನೋಡುತ್ತಲೂ ಕೂರಬೇಡಿ.

ಈ ವಾರವೇ ವೈದ್ಯರಿಗೆ ತೋರಿಸಿ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯೂ ಹೀಗೆಯೇ ಕಾಣಿಸಿಕೊಳ್ಳಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತಾರೆ. 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯ ಮೂಲಕ, ಕಳೆದ ಏಳು ದಿನಗಳಲ್ಲಿ ಅವಳ ಮನಸ್ಸು ಹೇಗಿತ್ತೆಂಬ 10 ಪ್ರಶ್ನೆಗಳನ್ನು ಕೇಳಬಹುದು. ಕೊನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಇದನ್ನು ನೀವೂ ಇಂದೇ ಮೆತ್ತಗೆ ಕೇಳಬಹುದು. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಹೆಣ್ಣುಮಕ್ಕಳು ಯಾರಾದರೂ ಕೇಳಲೆಂದೇ ಕಾಯುತ್ತಿರುತ್ತಾರೆ. ಹೌದೆಂದರೆ ಅವಳನ್ನು ಒಬ್ಬಳೇ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬೀಗರ ಭಯಕ್ಕೆ ಉತ್ತರವಿದೆ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಔಷಧ ಬೇಕಾದಾಗಲೂ ಸರ್ಟ್ರಾಲಿನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆ. ಸಾಮಾನ್ಯವಾಗಿ ಹಾಲು ಬಿಡಿಸಬೇಕಾಗುವುದಿಲ್ಲ. ಪರಿಣಾಮ ಕಾಣಲು ಕೆಲವು ವಾರಗಳು ಬೇಕು, ಸ್ವಲ್ಪ ಗೆಲುವಾದ ತಕ್ಷಣ ನಿಲ್ಲಿಸಬಾರದು.

ನಮ್ಮ ಬಾಣಂತನ ಮೈಯನ್ನು ಎಷ್ಟೊಂದು ಕಾಳಜಿಯಿಂದ ಕಾಯುತ್ತದೆ! ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಪಥ್ಯ, ಎಲ್ಲವೂ ಇದೆ. ಆದರೆ ನೋಡಲು ಬಂದವರು ‘ಹಾಲು ಸಾಲುತ್ತಿಲ್ಲವೇ’, ‘ಹೆಣ್ಣೇ’ ಎಂದು ಹೋದ ಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ಯಾರೂ ಗಮನಿಸುವುದಿಲ್ಲ. ಅಂಥ ಮಾತನ್ನು ಹೊಸ್ತಿಲಲ್ಲೇ ತಡೆಯುವುದು ಸಹ ಬಾಣಂತನವೇ. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು ನೀವೋ ಅಳಿಯಂದಿರೋ ಕುಡಿಸಿದರೆ ಅವಳಿಗೆ ನಾಲ್ಕೈದು ಗಂಟೆ ಎಡೆಬಿಡದ ವಿಶ್ರಾಂತಿ ಸಿಗುತ್ತದೆ.

ಹಿರಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದುದು ಬೇರೆಯೇ ಸ್ಥಿತಿ. ಸಾವಿರ ಹೆರಿಗೆಗೆ ಒಂದೆರಡರಲ್ಲಿ, ಹೆಚ್ಚಾಗಿ ಮೊದಲೆರಡು ವಾರಗಳಲ್ಲಿ, ತಾಯಿ ಅಸಂಬದ್ಧವಾಗಿ ಮಾತನಾಡುತ್ತಾಳೆ, ಇಲ್ಲದ ದನಿ ಕೇಳಿಸುತ್ತದೆ, ಮನೆಯವರ ಮೇಲೆಯೇ ಸಂಶಯಪಡುತ್ತಾಳೆ. ಅದು ತುರ್ತುಸ್ಥಿತಿ; ಯಂತ್ರ, ತಾಯಿತಗಳಲ್ಲಿ ಒಂದು ದಿನವನ್ನೂ ಕಳೆಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್ 2009ರಿಂದ ಇದೆ. ಒಳರೋಗಿಯಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಹೇಳುತ್ತದೆ. ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಶುಲ್ಕವಿಲ್ಲ.

ಪ್ರಶ್ನೆ: ಪತ್ನಿ ಮೂರು ತಿಂಗಳ ಗರ್ಭಿಣಿ. ಬೈಪೋಲಾರ್ ಕಾಯಿಲೆಗೆ (ಅತಿಯಾದ ಉತ್ಸಾಹ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ) ನಾಲ್ಕು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಮಗುವಿಗಾಗಿ ನಿಲ್ಲಿಸಿದ್ದಾಳೆ. ಸರಿಯೇ?
– ಒಬ್ಬ ಪತಿ, ಹುಬ್ಬಳ್ಳಿ

ಉತ್ತರ: ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಿದ್ದು ಅಪಾಯಕಾರಿ, ಕಾಯಿಲೆ ಮರುಕಳಿಸಿದರೆ ತಾಯಿ-ಮಗು ಇಬ್ಬರಿಗೂ ತೊಂದರೆ. ವ್ಯಾಲ್‌ಪ್ರೊಯೇಟ್‌ನಂಥ ಕೆಲವು ಔಷಧಗಳು ಗರ್ಭಿಣಿಯರಿಗೆ ಸಲ್ಲವೆಂಬುದು ನಿಜವಾದ್ದರಿಂದ, ಹಳೆಯ ಮಾತ್ರೆಗಳನ್ನು ತಾವಾಗಿಯೇ ಮತ್ತೆ ಆರಂಭಿಸುವುದೂ ಬೇಡ. ಚೀಟಿಗಳನ್ನೆಲ್ಲ ತೆಗೆದುಕೊಂಡು ಮನೋವೈದ್ಯರನ್ನು ಕೂಡಲೇ ಕಾಣಿರಿ, ಪ್ರಸೂತಿ ವೈದ್ಯರಿಗೂ ಮುಚ್ಚಿಡದೆ ತಿಳಿಸಿ. ಬೈಪೋಲಾರ್ ಇರುವವರಲ್ಲಿ ಹೆರಿಗೆಯ ನಂತರದ ಮೊದಲ ವಾರಗಳೇ ಹೆಚ್ಚು ಸೂಕ್ಷ್ಮವಾದ ಅವಧಿ. ಆಗ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುವುದು, ನಿದ್ದೆ ಕಡಿಮೆಯಾದರೆ ಯಾರಿಗೆ ಫೋನ್ ಮಾಡುವುದು ಎಂಬುದನ್ನು ಏಳನೆಯ ತಿಂಗಳೊಳಗೆ ವೈದ್ಯರೊಂದಿಗೆ ಕೂತು ಬರೆದಿಟ್ಟುಕೊಳ್ಳಿ.