ಹರಾಜು ಮುಗಿದ ಮೇಲೆ ಹೆಚ್ಚು ಬೆಲೆ ಕೊಡುವವರು ಸಿಕ್ಕರೆ, ಗೆದ್ದವರಿಗೆ ಇಲ್ಲ ಎನ್ನಬಹುದೇ?

ಎನ್ನಬಾರದು. ಲೆನ್ಸನ್ನು ಗೆದ್ದವರಿಗೇ ಕಳುಹಿಸಿ. ಇನ್ನು ಮುಂದೆ ಬರೆಯುವುದೆಲ್ಲ ಏಕೆ ಎಂಬುದರ ವಿವರಣೆ. ಅದನ್ನು ಓದಿದ ಮೇಲೂ ನಿಮಗೆ ಹೊಟ್ಟೆ ಉರಿಯಬಹುದು, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ನೀವು ಕೇಳಿದ್ದರ ಸಾರ ಇಷ್ಟು. ಹಳೆಯ ಕ್ಯಾಮೆರಾ ಲೆನ್ಸೊಂದನ್ನು ಆನ್‌ಲೈನ್ ಹರಾಜಿಗೆ ಇಟ್ಟಿರಿ. ಇಬ್ಬರೇ ಬಿಡ್ ಮಾಡಿದರು, ನೀವು ಅಂದುಕೊಂಡಿದ್ದರ ಅರ್ಧ ಬೆಲೆಗೆ ಹರಾಜು ಮುಗಿಯಿತು. ಮರುದಿನ ಮೂರನೆಯವರೊಬ್ಬರು ಅದರ ಎರಡರಷ್ಟು ಕೊಡುತ್ತೇನೆ, ನೇರವಾಗಿ ನನಗೇ ಮಾರಿಬಿಡಿ ಎಂದು ಸಂದೇಶ ಕಳುಹಿಸಿದರು. ಗೆದ್ದವರು ಇನ್ನೂ ಹಣ ಕಟ್ಟಿಲ್ಲ, ಹಾಗಾಗಿ ಮಾರಾಟ ಪೂರ್ತಿಯಾಗಿಲ್ಲ ಎನ್ನುವುದು ನಿಮ್ಮ ವಾದ. ಕೈಜಾರಿ ಬಿದ್ದು ಒಡೆಯಿತು ಎಂದುಬಿಡು ಎನ್ನುವುದು ನಿಮ್ಮ ಗೆಳೆಯರ ಸಲಹೆ.

ಹಣ ಬಂದಿಲ್ಲ ಎಂಬ ವಾದವನ್ನೇ ಮೊದಲು ನೋಡೋಣ, ಏಕೆಂದರೆ ಹೆಚ್ಚಿನವರು ಜಾರುವುದು ಅಲ್ಲೇ. ಹರಾಜಿನಲ್ಲಿ ವ್ಯಾಪಾರ ಕುದುರುವುದು ಹರಾಜುಗಾರನ ಸುತ್ತಿಗೆ ಬಿದ್ದ ಕ್ಷಣದಲ್ಲಿ. ಹಣ ಆಮೇಲೆ ಬರುತ್ತದೆ, ಸರಕು ಆಮೇಲೆ ಹೋಗುತ್ತದೆ. 1789ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯ ಬಂದಿತ್ತು. ಬಟ್ಟಿ ಇಳಿಸುವ ಸಲಕರಣೆಯೊಂದಕ್ಕೆ ಬೆಲೆ ಕೂಗಿದವನು ಸುತ್ತಿಗೆ ಬೀಳುವ ಮೊದಲೇ ಹಿಂದೆ ಸರಿದಿದ್ದ. ಸರಿಯಬಹುದು ಎಂದೇ ನ್ಯಾಯಾಲಯ ಹೇಳಿತು, ಏಕೆಂದರೆ ಅಲ್ಲಿಯವರೆಗೆ ಮಾರುವವನೂ ಯಾವುದಕ್ಕೂ ಕಟ್ಟುಬಿದ್ದಿರುವುದಿಲ್ಲ. ತಕ್ಕಡಿಯ ಎರಡೂ ತಟ್ಟೆ ಸಮ. ಸುತ್ತಿಗೆ ಬಿದ್ದ ಮೇಲೆ ಇಬ್ಬರೂ ಒಟ್ಟಿಗೇ ಕಟ್ಟುಬೀಳುತ್ತಾರೆ. ಬ್ರಿಟನ್ನಿನ 1979ರ ಸರಕು ಮಾರಾಟ ಕಾಯ್ದೆಯ 57ನೇ ಸೆಕ್ಷನ್, ಭಾರತದ 1930ರ ಕಾಯ್ದೆಯ 64ನೇ ಸೆಕ್ಷನ್ ಹೇಳುವುದೂ ಇದನ್ನೇ. ಆನ್‌ಲೈನ್ ಹರಾಜಿನಲ್ಲಿ ಸುತ್ತಿಗೆಯ ಜಾಗದಲ್ಲಿ ಗಡಿಯಾರ ಕುಳಿತಿದೆ. ಅದನ್ನು ಕಾನೂನು ಹೇಗೆ ನೋಡುತ್ತದೆ ಎಂಬ ಸೂಕ್ಷ್ಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ಅವಧಿ ಮುಗಿಯುವಾಗ ಮುಂದಿದ್ದ ಬಿಡ್‌ಗೆ ಮಾರುತ್ತೇನೆ ಎಂಬ ಷರತ್ತಿಗೆ ಒಪ್ಪಿಗೆ ಕೊಟ್ಟೇ ನೀವು ಲೆನ್ಸಿನ ಫೋಟೊ ಹಾಕಿದ್ದು. ಆ ಷರತ್ತನ್ನು ಯಾರೂ ಓದುವುದಿಲ್ಲ, ನಿಜ. ಓದದಿರುವುದು ಬಿಡುಗಡೆಪತ್ರವಾಗುವುದಿಲ್ಲ.

ನಿಮ್ಮ ಪರಿಸ್ಥಿತಿಯ ದೊಡ್ಡ ಆವೃತ್ತಿಯೊಂದು ಆಸ್ಟ್ರೇಲಿಯಾದಲ್ಲಿ ನಡೆದಿದೆ. ಎರಡನೇ ಮಹಾಯುದ್ಧದ ಕಾಲದ ವಿರಾವೇ ಎಂಬ ವಿಮಾನವನ್ನು ಅದರ ಮಾಲೀಕರು 2006ರಲ್ಲಿ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಹರಾಜಿಗಿಟ್ಟರು. 1,50,000 ಆಸ್ಟ್ರೇಲಿಯನ್ ಡಾಲರ್‌ಗೆ ಒಂದು ಬಿಡ್ ಬಂತು, ಅವಧಿ ಮುಗಿಯಿತು. ಅಷ್ಟರಲ್ಲಿ ಬೇರೊಬ್ಬರು ಒಂದು ಲಕ್ಷ ಡಾಲರ್ ಹೆಚ್ಚು ಕೊಡಲು ಒಪ್ಪಿದ್ದರು. ಮಾಲೀಕರು ಗೆದ್ದವರಿಗೆ ಇಲ್ಲ ಎಂದರು. 2007ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಸುಪ್ರೀಂ ಕೋರ್ಟ್ ವಿಮಾನವನ್ನು ಗೆದ್ದವರಿಗೇ ಒಪ್ಪಿಸಬೇಕು ಎಂದು ಆದೇಶಿಸಿತು. ಜರ್ಮನಿಯ ಕಥೆ ಇನ್ನೂ ಖಾರವಾದದ್ದು. ಒಬ್ಬರು ತಮ್ಮ ಬಳಸಿದ ಪಸಾಟ್ ಕಾರನ್ನು ಒಂದು ಯೂರೊ ಆರಂಭಿಕ ಬೆಲೆಗೆ ಹರಾಜಿಗಿಟ್ಟು, ಹೊರಗೆ 4,200 ಯೂರೊಗೆ ಗಿರಾಕಿ ಸಿಕ್ಕಿದ್ದರಿಂದ ಹರಾಜನ್ನು ಅರ್ಧಕ್ಕೇ ನಿಲ್ಲಿಸಿದರು. ಆ ಹೊತ್ತಿಗೆ ಮುಂದಿದ್ದ ಬಿಡ್ ಅದೇ ಒಂದು ಯೂರೊ. ಬಿಡ್ ಮಾಡಿದವರು ಬಿಡಲಿಲ್ಲ. ಕಾರಿನ ಬೆಲೆ 5,250 ಯೂರೊ ಎಂಬ ಲೆಕ್ಕದಲ್ಲಿ 5,249 ಯೂರೊ ಪರಿಹಾರಕ್ಕೆ ಅವರು ಅರ್ಹರು ಎನ್ನುವುದನ್ನು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2014ರಲ್ಲಿ ಎತ್ತಿಹಿಡಿಯಿತು. ಕಡಿಮೆ ಬೆಲೆಯಿಂದ ಆರಂಭಿಸುವ ಜೂಜನ್ನು ಮಾರಾಟಗಾರನೇ ಆಡಿದ್ದು ಎನ್ನುವುದು ಆ ತೀರ್ಪಿನ ಒಟ್ಟು ದನಿ.

ಒಂದು ಲೆನ್ಸಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಅದು ನಿಮಗೂ ಗೊತ್ತು, ನಿಮ್ಮ ಗೆಳೆಯರಿಗೂ ಗೊತ್ತು. ಆ ಧೈರ್ಯದ ಮೇಲೆಯೇ ಅವರ ಸಲಹೆ ನಿಂತಿರುವುದು. ಹಾಗಾಗಿ ಕಾನೂನನ್ನು ಬದಿಗಿಟ್ಟು ಕೇಳುತ್ತೇನೆ. ನಿಗದಿತ ಬೆಲೆಗೆ ಮಾರುವ ಅವಕಾಶ ಇದ್ದೇ ಇತ್ತು. ಆದರೂ ಹರಾಜನ್ನು ಏಕೆ ಆರಿಸಿಕೊಂಡಿರಿ? ಇಬ್ಬರು ಜಿದ್ದಿಗೆ ಬಿದ್ದು ಬೆಲೆ ಏರಿಸುತ್ತಾರೆ ಎಂಬ ಆಸೆಯಿಂದ ತಾನೆ? ಹಾಗೆ ಆಗಿ ಲೆನ್ಸು ನಿಮ್ಮ ಅಂದಾಜಿನ ಎರಡರಷ್ಟಕ್ಕೆ ಹೋಗಿದ್ದರೆ, ಗೆದ್ದವರು ಮರುದಿನ ಬಂದು ‘ಇದೇ ಲೆನ್ಸು ಬೇರೆ ಕಡೆ ಅರ್ಧ ಬೆಲೆಗೆ ಸಿಗುತ್ತಿದೆ, ನಾನು ಇನ್ನೂ ಹಣ ಕಟ್ಟಿಲ್ಲವಲ್ಲ’ ಎಂದಿದ್ದರೆ, ನೀವು ಇಲ್ಲಿ ಬೇರೆಯದೇ ಪ್ರಶ್ನೆ ಹಾಕುತ್ತಿದ್ದಿರಿ. ಬಹುಶಃ ಏಕವಚನದಲ್ಲಿ.

ಇಲ್ಲಿ ಹರಾಜಿನ ಒಳಗಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು, ಏಕೆಂದರೆ ಗೆದ್ದವರು ನಿಮ್ಮ ಲೆನ್ಸನ್ನು ಲಪಟಾಯಿಸಿದರು ಎಂಬ ಭಾವನೆ ನಿಮ್ಮ ಬರಹದುದ್ದಕ್ಕೂ ಇದೆ. ಬಹುತೇಕ ಆನ್‌ಲೈನ್ ಹರಾಜುಗಳಲ್ಲಿ ಬಿಡ್‌ದಾರರು ತಾವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾರೆ. ಅವರ ಪರವಾಗಿ ವ್ಯವಸ್ಥೆಯೇ, ಎದುರಾಳಿಯನ್ನು ಮೀರಲು ಎಷ್ಟು ಬೇಕೋ ಅಷ್ಟನ್ನೇ ಏರಿಸುತ್ತ ಹೋಗುತ್ತದೆ. ಆದ್ದರಿಂದ ಕೊನೆಯ ಬೆಲೆಯನ್ನು ನಿರ್ಧರಿಸುವವರು ಗೆದ್ದವರಲ್ಲ, ಸೋತ ಎರಡನೆಯವರು. ಅವರು ನಿಂತಲ್ಲಿಂದ ಒಂದು ಮೆಟ್ಟಿಲು ಮೇಲೆ ಬೆಲೆ ನಿಲ್ಲುತ್ತದೆ. ಗೆದ್ದವರು ಅದರ ಮೂರು ಪಟ್ಟು ಕೊಡಲು ಸಿದ್ಧರಿದ್ದಿರಬಹುದು, ನಿಮಗೆ ತಿಳಿಯುವುದಿಲ್ಲ. ಎರಡನೆಯವರ ಬೆಲೆಯನ್ನು ಗೆದ್ದವರು ಕೊಡುವ ಏರ್ಪಾಡಿನಲ್ಲಿ, ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಬರೆಯುವುದೇ ಬಿಡ್‌ದಾರರಿಗೆ ಲಾಭದ ದಾರಿ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಘೋಷಣೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು, ಪಾಪ.

ಈಗ ಯೋಚಿಸಿ. ಬೆಲೆ ಹಿಡಿಸದಿದ್ದರೆ ಮಾರಾಟಗಾರ ಕೈಕೊಡಬಹುದು ಎಂದಾದರೆ ಯಾರು ತಾನೆ ನಿಜವಾದ ಮೊತ್ತ ಬರೆಯುತ್ತಾರೆ? ನಿಮ್ಮ ಲೆನ್ಸಿಗೆ ಬಿಡ್ ಹಾಕಿದ ಇಬ್ಬರೂ ನಿಮ್ಮನ್ನು ನಂಬಿ ಬೇರೆ ಏನನ್ನೋ ಬಿಟ್ಟಿದ್ದಾರೆ. ಮುಂದಿದ್ದವರು, ಎರಡೂ ತಮ್ಮ ಪಾಲಿಗೇ ಬಂದುಬಿಟ್ಟಾವು ಎಂದು ಹೆದರಿ, ಅದೇ ವಾರ ಮುಗಿಯುತ್ತಿದ್ದ ಇನ್ನೊಂದು ಲೆನ್ಸಿನ ಹರಾಜಿಗೆ ಕೈ ಹಾಕಿರಲಿಕ್ಕಿಲ್ಲ. ಗೆದ್ದೆವು ಎಂದು ತಿಳಿದ ಮೇಲೆ ಅದಕ್ಕೆ ಹೊಂದುವ ಅಡಾಪ್ಟರ್ ತರಿಸಿರಬಹುದು. ಸೋತವರು ಬೇಸರ ಮಾಡಿಕೊಂಡು ಬೇರೆ ಕಡೆ ಕೊಂಡಿರಬಹುದು. ಈ ನಷ್ಟಗಳು ಸಣ್ಣವು ಮತ್ತು ನಿಮ್ಮ ಕಣ್ಣಿಗೆ ಬೀಳದವು. ನಿಮ್ಮದು ನಿಮ್ಮ ಕಣ್ಣೆದುರೇ ಇದೆ, ಅದಕ್ಕೇ ದೊಡ್ಡದಾಗಿ ಕಾಣುತ್ತಿದೆ.

ಒಡೆಯಿತು ಎಂಬ ಸುಳ್ಳಿನ ಬಗ್ಗೆ ನನಗೆ ವೈಯಕ್ತಿಕ ಸಿಟ್ಟಿದೆ, ಮರೆಮಾಚುವುದಿಲ್ಲ. ಹಳೆಯ ಟೈಪ್‌ರೈಟರ್‌ಗಳನ್ನು ಕೊಳ್ಳುವ, ರಿಪೇರಿ ಮಾಡಿ ಮಾರುವ ಹವ್ಯಾಸ ನನ್ನದು. ಒಮ್ಮೆ ಒಳ್ಳೆಯ ಬೆಲೆಗೆ ಒಂದನ್ನು ಗೆದ್ದೆ. ಮರುದಿನ ಮಾರಾಟಗಾರರಿಂದ ಸಂದೇಶ ಬಂತು. ಪ್ಯಾಕ್ ಮಾಡುವಾಗ ಮೇಜಿನಿಂದ ಬಿದ್ದು ಚೌಕಟ್ಟು ಸೀಳಿದೆಯಂತೆ, ತುಂಬಾ ಬೇಸರವಾಗಿದೆಯಂತೆ. ನಾನು ಸಮಾಧಾನ ಹೇಳಿ ಉತ್ತರಿಸಿದೆ. ಬಿಡಿಭಾಗಗಳಾದರೂ ಉಪಯೋಗಕ್ಕೆ ಬರುತ್ತವೆ, ಒಡೆದದ್ದನ್ನೇ ಕೊಳ್ಳುತ್ತೇನೆ ಎಂದೂ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಸ್ವಲ್ಪ ದಿನಗಳ ನಂತರ ಅದೇ ಯಂತ್ರ ಹೆಚ್ಚಿನ ಆರಂಭಿಕ ಬೆಲೆಯೊಂದಿಗೆ ಮತ್ತೆ ಹರಾಜಿಗೆ ಬಂತು. ಅದೇ ಎಂದು ಹೇಗೆ ಗೊತ್ತಾಯಿತು ಎಂದರೆ, ಎಡಗಡೆಯ ಶಿಫ್ಟ್ ಕೀಲಿಯ ಕೆಳಗೆ ಬಣ್ಣ ಎದ್ದು ಕುಡುಗೋಲಿನ ಆಕಾರದ ಗುರುತಾಗಿತ್ತು, ಕ್ಯಾರಿಯೇಜಿನ ಗುಂಡಿಗೆ ಯಾರೋ ಹಸಿರು ದಾರ ಸುತ್ತಿದ್ದರು. ಚೌಕಟ್ಟಿನಲ್ಲಿ ಸೀಳು ಹುಡುಕಲು ಫೋಟೊಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದು ಗೆರೆಯೂ ಕಾಣಲಿಲ್ಲ.

‘ನನಗೆ ಈ ಬೆಲೆಗೆ ಕೊಡಲು ಮನಸ್ಸಿಲ್ಲ’ ಎಂದು ನೇರವಾಗಿ ಬರೆದಿದ್ದರೆ ನಾನು ಜಗಳವಾಡುತ್ತಿದ್ದೆ, ದೂರು ಕೊಡುತ್ತಿದ್ದೆ. ಆದರೆ ಅವರು ನನ್ನಿಂದ ಕನಿಕರವನ್ನೂ ವಸೂಲಿ ಮಾಡಿದರು. ಒಡೆಯಿತು ಎನ್ನುವ ಸುಳ್ಳು ಎದುರಿನವರ ದೂರುವ ಹಕ್ಕನ್ನೇ ಕಸಿದುಕೊಳ್ಳುತ್ತದೆ. ಮಾತು ತಪ್ಪುವುದು ಒಂದು ತಪ್ಪು, ತಪ್ಪಿಸಿಕೊಳ್ಳಲು ಕಥೆ ಕಟ್ಟುವುದು ಅದರ ಮೇಲಿನ ಬಡ್ಡಿ. ನಿಮ್ಮ ಗೆಳೆಯರು ಹಾವೂ ಸಾಯಲಿ ಕೋಲೂ ಮುರಿಯದಿರಲಿ ಎಂದು ಹೇಳಿಕೊಟ್ಟಿದ್ದಾರೆ. ಇಲ್ಲಿ ಹಾವಿನ ಪಾತ್ರ ಯಾರಿಗೆ ಬಂದಿದೆ ನೋಡಿ: ನಿಮ್ಮನ್ನು ನಂಬಿ ಬಿಡ್ ಹಾಕಿದವರಿಗೆ.

ಹಾಗೆಂದು ಮುಗಿದ ಹರಾಜಿನಿಂದ ಯಾವ ಕಾರಣಕ್ಕೂ ಹಿಂದೆ ಸರಿಯಬಾರದು ಎಂದು ನಾನು ಹೇಳುವುದಿಲ್ಲ. ವಸ್ತು ನಿಜವಾಗಿಯೂ ಒಡೆದರೆ, ಕಳುವಾದರೆ ಕೊಡಲಿಕ್ಕೆ ಏನೂ ಉಳಿದಿರುವುದಿಲ್ಲ. ಪ್ಯಾಕ್ ಮಾಡುವಾಗ ಲೆನ್ಸಿನೊಳಗೆ ನೀವು ವಿವರಣೆಯಲ್ಲಿ ಹೇಳದ ಬೂಷ್ಟು ಕಂಡರೆ ಗೆದ್ದವರಿಗೆ ತಿಳಿಸಲೇಬೇಕು, ಬೇಕೋ ಬೇಡವೋ ಎಂಬ ಆಯ್ಕೆ ಆಗ ಅವರದು. ನಮೂದಿಸುವಾಗ ಆದ ಎದ್ದುಕಾಣುವ ತಪ್ಪಿಗೂ ವಿನಾಯಿತಿ ಇದೆ. 1939ರಲ್ಲಿ ಇಂಗ್ಲೆಂಡಿನಲ್ಲಿ ಅರ್ಜೆಂಟೀನಾದ ಮೊಲದ ಚರ್ಮಗಳ ವ್ಯಾಪಾರವೊಂದರಲ್ಲಿ, ಮಾರುವವರು ಒಂದು ಚರ್ಮಕ್ಕೆ ಇಷ್ಟು ಎನ್ನುವ ಬದಲು ಒಂದು ಪೌಂಡ್ ತೂಕಕ್ಕೆ ಇಷ್ಟು ಎಂದು ಬರೆದುಬಿಟ್ಟಿದ್ದರು. ಒಂದು ಪೌಂಡಿಗೆ ಸುಮಾರು ಮೂರು ಚರ್ಮ ತೂಗುತ್ತವೆ, ಅಂದರೆ ಬೆಲೆ ಮೂರನೇ ಒಂದಕ್ಕೆ ಇಳಿಯಿತು. ಅದು ತಪ್ಪು ಎಂದು ಕೊಳ್ಳುವವರಿಗೆ ಗೊತ್ತಾಗಿರಲೇಬೇಕು, ಆದ್ದರಿಂದ ಅದನ್ನು ಗಪ್ಪನೆ ಹಿಡಿದುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ನನಗೆ ಆ ತೀರ್ಪು ಇಷ್ಟ. ಎದುರಿನವರ ಕೈತಪ್ಪನ್ನು ಕಂಡೂ ಕಾಣದಂತೆ ಜೇಬಿಗಿಳಿಸುವ ಕೊಳ್ಳುವವರನ್ನು ಅದು ತಡೆಯುತ್ತದೆ. ನಿಮ್ಮ ಪ್ರಕರಣ ಅದಲ್ಲ. ನೀವು ಸೊನ್ನೆ ಬಿಟ್ಟು ಬರೆಯಲಿಲ್ಲ, ಹೆಚ್ಚು ಜನ ಬರುತ್ತಾರೆ ಎಂದು ಲೆಕ್ಕ ಹಾಕಿದಿರಿ, ಜನ ಬರಲಿಲ್ಲ. ಅದು ಅಂದಾಜಿನ ಸೋಲು, ಗಿರಾಕಿಯ ಮೋಸವಲ್ಲ.

ಈ ಬೆಲೆಗೆ ಕೊಡುವುದು ನಿಜಕ್ಕೂ ಕಷ್ಟ ಎನಿಸಿದರೆ ಮರ್ಯಾದೆಯ ದಾರಿ ಒಂದಿದೆ. ಗೆದ್ದವರಿಗೆ ಇದ್ದದ್ದನ್ನು ಇದ್ದಂತೆ ಬರೆಯಿರಿ: ಹೆಚ್ಚಿನ ಬೆಲೆಗೆ ಕೇಳಿದ್ದಾರೆ, ನೀವು ಬಿಟ್ಟುಕೊಡಲು ಒಪ್ಪಿದರೆ ಆ ಹೆಚ್ಚುವರಿಯಲ್ಲಿ ಪಾಲು ಕೊಡುತ್ತೇನೆ, ಒಪ್ಪದಿದ್ದರೆ ನಾಳೆಯೇ ಲೆನ್ಸನ್ನು ಕಳುಹಿಸುತ್ತೇನೆ ಎಂದು. ಕೊನೆಯ ವಾಕ್ಯವನ್ನು ಬಿಟ್ಟರೆ ಅದು ಕೋರಿಕೆಯಾಗಿ ಉಳಿಯದೆ ಒತ್ತಡವಾಗುತ್ತದೆ. ಅವರು ಬೇಡ ಎಂದರೆ ಎರಡನೇ ಸಲ ಕೇಳಬೇಡಿ. ಅವರು ಹಣವನ್ನೇ ಕಟ್ಟದಿದ್ದರೆ? ಹರಾಜು ನಡೆಸಿದ ಆನ್‌ಲೈನ್ ವೇದಿಕೆ ಹೇಳಿದ ಗಡುವಿನವರೆಗೆ ಕಾಯಿರಿ, ಒಮ್ಮೆ ನೆನಪಿಸಿ, ಗಡುವು ದಾಟಿದರೆ ನಿಯಮದಂತೆ ರದ್ದು ಮಾಡಿ. ಆಮೇಲೆ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ನಿಮ್ಮದು. ಗಡುವು ಬೇಗ ಮುಗಿಯಲಿ ಎಂದು ಅವರ ಸಂದೇಶಗಳಿಗೆ ಉತ್ತರಿಸದೆ ಕೂರುವ ಜಾಣತನವನ್ನೂ ಕಂಡಿದ್ದೇನೆ, ಅದು ಬೇಡ.

ಮುಂದಿನ ಸಲ ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಮಿತಿ) ಇಡಿ, ಅಥವಾ ಯಾವ ಬೆಲೆಗೆ ಕೊಟ್ಟರೆ ನಿದ್ದೆ ಕೆಡುವುದಿಲ್ಲವೋ ಅದನ್ನೇ ಆರಂಭಿಕ ಬೆಲೆ ಮಾಡಿ. ಬಿಡ್‌ದಾರರ ಸಂಖ್ಯೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಮಾರಾಟವೇ ಆಗುವುದಿಲ್ಲ. ಬೆಲೆ ಏರಿಸಲು ಗೆಳೆಯರಿಂದ ಸುಳ್ಳು ಬಿಡ್ ಹಾಕಿಸುವ ಯೋಚನೆ ಬಂದರೆ (ಒಡೆಯಿತು ಎನ್ನು ಎಂದವರು ಅದನ್ನೂ ಹೇಳಿಕೊಟ್ಟಾರು) ಅದು ವಂಚನೆ, ಅದರ ಬಗ್ಗೆ ಚರ್ಚೆಯೇ ಇಲ್ಲ.

ಇನ್ನು ಎರಡರಷ್ಟು ಕೊಡುತ್ತೇನೆ ಎಂದವರ ವಿಷಯ. ಸಂದೇಶದಲ್ಲಿ ಬರೆದ ಬೆಲೆ ಇನ್ನೂ ಯಾರ ಜೇಬಿನಿಂದಲೂ ಹೊರಬಂದಿಲ್ಲ. ನೀವು ಮೊದಲ ಮಾರಾಟ ಮುರಿದುಕೊಂಡು ಹೋದಾಗ ಅದು ಇಳಿಯಬಹುದು, ಆ ವ್ಯಕ್ತಿಯೇ ಕಾಣೆಯಾಗಬಹುದು. ಹರಾಜು ಮುಗಿದ ಬೆನ್ನಿಗೇ ವೇದಿಕೆಯ ಹೊರಗೆ ವ್ಯವಹರಿಸೋಣ ಎಂದು ಬರುವ ಉದಾರ ಸಂದೇಶಗಳಲ್ಲಿ ಮೋಸದವೂ ಇರುತ್ತವೆ, ಅಲ್ಲಿ ಏನಾದರೂ ಎಡವಟ್ಟಾದರೆ ವೇದಿಕೆ ನಿಮ್ಮ ಕೈ ಹಿಡಿಯುವುದಿಲ್ಲ. ಅವರಿಗೆ ‘ಲೆನ್ಸು ಮಾರಾಟವಾಗಿದೆ, ಮೊದಲ ವ್ಯವಹಾರ ರದ್ದಾದರೆ ವೇದಿಕೆಯ ಮೂಲಕವೇ ತಿಳಿಸುತ್ತೇನೆ’ ಎಂದು ಒಂದು ಸಾಲು ಬರೆದರೆ ಸಾಕು. ಅಷ್ಟು ಬೇಕಾಗಿದ್ದವರು ಹರಾಜು ನಡೆಯುವಾಗ ಎಲ್ಲಿದ್ದರು ಎಂದು ಕೇಳಬೇಕೆನಿಸಿದರೆ ಅದನ್ನೂ ಕೇಳಿಬಿಡಿ. ನಾನಾಗಿದ್ದರೆ ಕೇಳುತ್ತಿದ್ದೆ.