ದಿನಾ ಅದೇ ಹೊತ್ತಿಗೆ ಪಾರ್ಕಿಗೆ ಹೋಗಿ ನೋಡಿ

ಬಡಾವಣೆಗೆ ಬಂದು ಎರಡು ತಿಂಗಳಾದರೂ ಯಾರ ಪರಿಚಯವೂ ಆಗಿಲ್ಲ, ಸುತ್ತ ನಾಲ್ಕೈದು ಭಾಷೆಯವರು, ಮೂರು ವರ್ಷದ ಮಗಳು ಪಾರ್ಕಿನಲ್ಲಿ ಬಾಯೇ ಬಿಡುವುದಿಲ್ಲ ಅಂತ ಬರೆದಿದ್ದೀರಿ. ಗಾಬರಿ ಬೇಡ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಸುಮ್ಮನೆ ಕೇಳಿಸಿಕೊಳ್ಳುತ್ತವೆ. ಮನೆಯಲ್ಲೂ ಮಾತು ಕಮ್ಮಿಯಾದರೆ, ಇಲ್ಲವೇ ಹೊರಗಿನ ಮೌನ ಬಹಳ ತಿಂಗಳು ಮುಂದುವರಿದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಕನ್ನಡ ಬಿಡಲೇಬೇಡಿ, ಅದರಿಂದ ಹೊಸ ಭಾಷೆಗೆ ಅಡ್ಡಿಯಿಲ್ಲ.

ನಮ್ಮ ಮಗನೂ ಹಾಗೇ, ಪಾರ್ಕಿನ ಮರಳಿನಲ್ಲಿ ಪಕ್ಕದ ಹುಡುಗಿಗೆ ಬೆನ್ನು ಹಾಕಿ ಕೂತು ಬಕೆಟ್ ತುಂಬುತ್ತಿದ್ದ. ಒಂದು ಸಂಜೆ ಅವಳು ಮಾತಿಲ್ಲದೆ ತನ್ನ ಪುಟ್ಟ ಸಲಿಕೆ ಚಾಚಿದಳು, ಅಲ್ಲಿಂದ ಶುರು. ನಾವು ಮಾಡಿದ್ದು, ದಿನಾ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿದ್ದು, ಅಷ್ಟೇ. ದೊಡ್ಡವರಿಗೂ ಮುಖ ಪರಿಚಯ ಆದಮೇಲೇ ಮಾತು. ಅಲ್ಲಿ ಸಿಗುವವರ ಹೆಸರನ್ನು ಅವರು ಹೇಳುವ ಹಾಗೇ ಕಲಿಯಿರಿ. ತಪ್ಪಿದರೆ ಇನ್ನೊಮ್ಮೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ನಮ್ಮ ಮೇಲೆ.